ಆಟಿಸಂ ಇರುವ ಮಗು, ವಯಸ್ಸಾಗುತ್ತಿರುವ ಅಪ್ಪ-ಅಮ್ಮ: ನಾಲ್ಕು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗನಿಗೆ 11 ವರ್ಷ, ಆಟಿಸಂ ಇದೆ. ಮಾತು ಕಡಿಮೆ, ತೂಕ 38 ಕೆ.ಜಿ. ಸ್ನಾನ, ಬಟ್ಟೆ ಎಲ್ಲ ನಾನೇ ಮಾಡಿಸಬೇಕು. ನನಗೆ 52. ಶುಗರ್ ಇದೆ, ಈಗ ಮೊಣಕಾಲು, ಸೊಂಟ ನೋವು ಬೇರೆ. ಅವನು ರಾತ್ರಿ ಹನ್ನೊಂದೂವರೆಗೆ ಮಲಗಿ ಎರಡು ಗಂಟೆಗೆಲ್ಲ ಎದ್ದು ಕೂರುತ್ತಾನೆ. ಯಜಮಾನರಿಗೆ 58. ನನ್ನ ಆರೋಗ್ಯ ನೋಡಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಸಮಯ ಎಲ್ಲಿಂದ ತರಲಿ? (ಒಬ್ಬ ತಾಯಿ, ಹಾಸನ)

ನಿಮ್ಮ ದಿನದಲ್ಲಿ ಇಲ್ಲದ ಸಮಯವನ್ನು ಹುಡುಕಿ ಎಂದು ನಾವು ಹೇಳುವುದಿಲ್ಲ. ಮಗನಿಗಾಗಿ ನಿಮ್ಮ ಮೈ ಮಾಡುತ್ತಿರುವ ಕೆಲಸವನ್ನೇ ಕಡಿಮೆ ಮಾಡೋಣ. ಥೆರಪಿಯಲ್ಲಿ ಏನು ಕಲಿಸಬೇಕೆಂಬ ಪಟ್ಟಿ ಸಾಮಾನ್ಯವಾಗಿ ಅಕ್ಷರ, ಬಣ್ಣ, ಎಣಿಕೆಯಿಂದ ಶುರುವಾಗುತ್ತದೆ. ನಿಮ್ಮ ಮನೆಯಲ್ಲಿ ಅದು ನಿಮ್ಮ ಮೊಣಕಾಲಿನಿಂದ ಶುರುವಾಗಲಿ. ಇನ್ನು ಐದು ವರ್ಷಕ್ಕೆ ಅವನು ನಿಮಗಿಂತ ಎತ್ತರ, ನಿಮಗಿಂತ ಭಾರ ಆಗಿರುತ್ತಾನೆ. ಆಗ ನಿಮ್ಮ ಕೈಯಲ್ಲಿ ಆಗದ ಕೆಲಸಗಳು ಯಾವುವು ಎಂದು ಇವತ್ತೇ ಬರೆದುಕೊಳ್ಳಿ. ಬಗ್ಗಿ ಪ್ಯಾಂಟ್ ಹಾಕಿಸುವುದು, ಸ್ನಾನ ಮಾಡಿಸುವುದು, ಹಟ ಹಿಡಿದು ಕೂತವನನ್ನು ಎಬ್ಬಿಸುವುದು ಅದರಲ್ಲಿ ಇದ್ದೇ ಇರುತ್ತವೆ. ಥೆರಪಿಸ್ಟ್ ಹತ್ತಿರ ಹೋದಾಗ ಇದನ್ನೇ ಮೊದಲ ಗುರಿಯಾಗಿ ಇಡಿ.

ಪ್ಯಾಂಟ್‌ನಿಂದ ಆರಂಭಿಸಿ, ಅದು ಬೇಗ ಫಲ ಕೊಡುತ್ತದೆ. ಸೊಂಟಕ್ಕೆ ಇಲಾಸ್ಟಿಕ್ ಇರುವ, ಒಂದು ಸೈಜ್ ದೊಡ್ಡ ಪ್ಯಾಂಟ್ ತೆಗೆದುಕೊಳ್ಳಿ. ಅವನು ಸ್ಟೂಲ್ ಮೇಲೆ ಕೂರಲಿ, ನೀವೂ ಕುರ್ಚಿಯಲ್ಲಿ ಕೂರಿ. ಎರಡು ಕಾಲೂ ತೂರಿಸಿ, ಅವನನ್ನು ನಿಲ್ಲಿಸಿ, ತೊಡೆಯ ತನಕ ನೀವೇ ಎಳೆಯಿರಿ. ಅಲ್ಲಿಂದ ಸೊಂಟಕ್ಕೆ ಏರಿಸುವ ಕೊನೆಯ ಎಳೆತ ಮಾತ್ರ ಅವನದು. ಅದನ್ನು ಮಾಡಿದ ಕ್ಷಣವೇ ಅವನಿಗೆ ಇಷ್ಟವಾದದ್ದು ಕೈಗೆ ಸಿಗಬೇಕು. ನಾಲ್ಕೈದು ದಿನ ಸಲೀಸಾಗಿ ಮಾಡಿದರೆ ಮೊಣಕಾಲಿನಿಂದ ಎಳೆಯುವುದು ಅವನ ಪಾಲು, ಆಮೇಲೆ ಪಾದದಿಂದ. ಹೀಗೆ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ನೆರವು ಬೇಕಾದರೆ ಹಿಂದೆ ನಿಂತು ಅವನ ಕೈ ಮೇಲೆ ಕೈಯಿಟ್ಟು ಮಾಡಿಸಿ, ಬಾಯಲ್ಲಿ ಹೇಳುತ್ತಾ ಹೋಗಬೇಡಿ. ‘ಎಳಿ, ಎಳಿ’ ಎಂದು ಹೇಳಿಸಿಕೊಂಡು ಕಲಿತ ಮಕ್ಕಳು ಆ ಮಾತಿಲ್ಲದೆ ಕೈ ಎತ್ತುವುದಿಲ್ಲ. ಈ ಪಾಠ ಹೆಚ್ಚಾಗಿ ಕೆಡುವುದು ಶಾಲೆಗೆ ಹೊತ್ತಾಯಿತೆಂದು ಬೆಳಗ್ಗೆ ನೀವೇ ಹಾಕಿಬಿಡುವುದರಿಂದ. ಹಾಗಾಗಿ ಕಲಿಕೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಗ್ಗೆ ನೀವು ಹಾಕಿಸಿದರೂ ಅವನಿಗೆ ಬಂದಿರುವ ಆ ಕೊನೆಯ ಎಳೆತವನ್ನು ಮಾತ್ರ ಅವನಿಗೇ ಬಿಡಿ.

ಸ್ನಾನಕ್ಕೂ ಇದೇ ಕ್ರಮ. ನೀರನ್ನು ಮೊದಲೇ ಹದ ಮಾಡಿ ಅರ್ಧ ಬಕೆಟ್ ಇಡಿ, ಅರ್ಧ ಲೀಟರಿನ ಚಿಕ್ಕ ಚೊಂಬು ಸಾಕು. ಜಾರುವ ಸೋಪಿನ ಬದಲು ಒತ್ತಿದರೆ ಬರುವ ಲಿಕ್ವಿಡ್ ಸೋಪ್ ಇರಲಿ. ಅವನು ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿದರೆ ನೀವು ಬಗ್ಗುವುದು ತಪ್ಪುತ್ತದೆ. ತಲೆ, ಕೈ, ಎದೆ, ಕಾಲು ಎಂದು ಚಿತ್ರ ಬಿಡಿಸಿ, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸಿ. ಹನ್ನೊಂದು ವರ್ಷದವನು ಇನ್ನೇನು ದೊಡ್ಡವನಾಗುತ್ತಾನೆ; ಗುಪ್ತಾಂಗ ತೊಳೆದುಕೊಳ್ಳುವುದನ್ನು ಮೊದಲು ಅವನ ಕೈಗೆ ಬಿಡಿ. ಮುಂದೆ ಯಾರೋ ಹೊರಗಿನವರು ಅವನನ್ನು ನೋಡಿಕೊಳ್ಳುವ ದಿನಕ್ಕೆ ಇದು ಅವನ ಸುರಕ್ಷತೆಯೂ ಹೌದು.

ಅವನು ನೆಲದ ಮೇಲೆ ಕೂತುಬಿಟ್ಟರೆ ಕಂಕುಳಿಗೆ ಕೈ ಹಾಕಿ ಎತ್ತಲೇಬೇಡಿ. ನಿಮ್ಮ ಸೊಂಟ ಅಲ್ಲೇ ಹೋಗುತ್ತದೆ, ಅವನ ಭುಜಕ್ಕೂ ಪೆಟ್ಟಾಗಬಹುದು. ಸುತ್ತ ಅಪಾಯವಿಲ್ಲದಿದ್ದರೆ ಕಾಯಿರಿ, ‘ಮೊದಲು–ಆಮೇಲೆ’ ಕಾರ್ಡ್ ತೋರಿಸಿ. ಎಡಗಡೆ ಮೊದಲು ಮಾಡಬೇಕಾದ್ದರ ಚಿತ್ರ, ಉದಾಹರಣೆಗೆ ಹಾಕಿಕೊಳ್ಳಬೇಕಾದ ಚಪ್ಪಲಿ; ಬಲಗಡೆ ಆಮೇಲೆ ಸಿಗುವ, ಅವನಿಗೆ ಬೇಕಾದದ್ದರ ಚಿತ್ರ. ಎದುರಿಗೆ ಒಂದು ಕುರ್ಚಿ ಇಟ್ಟರೆ ಅದನ್ನು ಹಿಡಿದು ಅವನೇ ಏಳುತ್ತಾನೆ.

ಈಗ ನಿದ್ದೆ. ಮೊದಲು ಕಾರಣ ಹುಡುಕಬೇಕು. ಮಲಬದ್ಧತೆ, ಹುಳುಕು ಹಲ್ಲು, ಗೊರಕೆ, ಕಬ್ಬಿಣದ ಕೊರತೆ, ಇವು ನಾಲ್ಕೂ ಆಟಿಸಂ ಮಕ್ಕಳ ನಿದ್ದೆ ಕೆಡಿಸುತ್ತವೆ, ಮಾತು ಬಾರದ ಮಗು ಹೇಳಿಕೊಳ್ಳುವುದಿಲ್ಲ. ರಕ್ತ ಪರೀಕ್ಷೆ ಮಾಡಿಸುವಾಗ ಮೈಯಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಸೇರಿಸಲು ಹೇಳಿ. ರಾತ್ರಿ ಮೈ ಬಿಗಿಯುವುದು, ಕಣ್ಣು ನೆಟ್ಟು ನೋಡುವುದು, ಇಲ್ಲದಿದ್ದ ಅಭ್ಯಾಸವಾಗಿ ಹಾಸಿಗೆ ಒದ್ದೆ ಮಾಡುವುದು ಕಂಡರೆ ಮೊಬೈಲಿನಲ್ಲಿ ವಿಡಿಯೊ ತೆಗೆದು ನರರೋಗ ತಜ್ಞರಿಗೆ ತೋರಿಸಿ. ಫಿಟ್ಸ್ ಈ ಮಕ್ಕಳಲ್ಲಿ ಉಳಿದವರಿಗಿಂತ ಹೆಚ್ಚು, ಹದಿವಯಸ್ಸಿನಲ್ಲೂ ಹೊಸದಾಗಿ ಶುರುವಾಗಬಹುದು.

ಇದ್ಯಾವುದೂ ಇಲ್ಲವೆಂದಾದರೆ ಎರಡು ವಾರ ಮಲಗಿದ, ಎದ್ದ ಹೊತ್ತು ಬರೆದಿಡಿ. ನಿಜವಾಗಿ ನಿದ್ದೆ ಹತ್ತುವುದು ಹನ್ನೊಂದೂವರೆಗಾದರೆ ಒಂಬತ್ತಕ್ಕೆ ಹಾಸಿಗೆಗೆ ಕಳಿಸಿ ಎರಡೂವರೆ ಗಂಟೆ ಜಗಳವಾಡಬೇಡಿ. ಹನ್ನೊಂದೂವರೆಗೇ ಮಲಗಿಸಿ. ಹದಿನೈದು-ಇಪ್ಪತ್ತು ನಿಮಿಷದೊಳಗೆ ಸತತ ಮೂರು ರಾತ್ರಿ ನಿದ್ದೆ ಹತ್ತಿದರೆ ಮಲಗಿಸುವ ಹೊತ್ತನ್ನು 15 ನಿಮಿಷ ಬೇಗ ಮಾಡಿ. ಬೆಳಗ್ಗೆ ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗಬಾರದು, ಹಗಲು ನಿದ್ದೆ ಬೇಡ. ಮೆಲಟೋನಿನ್ ಮಾತ್ರೆ ವೈದ್ಯರು ಬರೆದುಕೊಟ್ಟರೆ ನಿದ್ದೆ ಹತ್ತುವುದಕ್ಕೆ ನೆರವಾಗುತ್ತದೆ, ನಡುರಾತ್ರಿ ಏಳುವುದನ್ನು ಅಷ್ಟಾಗಿ ತಡೆಯುವುದಿಲ್ಲ.

ಅಷ್ಟರವರೆಗೆ ರಾತ್ರಿಯನ್ನು ಇಬ್ಬರೂ ಹಂಚಿಕೊಳ್ಳಿ. ಒಬ್ಬರು ಒಂಬತ್ತೂವರೆಗೆ ಬೇರೆ ಕೋಣೆಯಲ್ಲಿ ಮಲಗಿ ಎರಡರವರೆಗೆ ಏಳಬಾರದು. ಎರಡರಿಂದ ಬೆಳಗಿನವರೆಗೆ ಇನ್ನೊಬ್ಬರು ಏಳಬಾರದು. ಇಬ್ಬರೂ ಅರ್ಧಂಬರ್ಧ ಎಚ್ಚರವಿದ್ದು ಮಲಗುವುದಕ್ಕಿಂತ ತಲಾ ನಾಲ್ಕೂವರೆ ಗಂಟೆಯ ಗಟ್ಟಿ ನಿದ್ದೆ ಎಷ್ಟೋ ಮೇಲು. ‘ನಾಳೆ ಅವರಿಗೆ ಆಫೀಸು’ ಎಂದು ತಾಯಿಯೇ ಪೂರ್ತಿ ರಾತ್ರಿ ಹೊರುವ ಪದ್ಧತಿ ನಿಲ್ಲಲಿ. ನಿಮಗೂ ನಾಳೆ ಕೆಲಸವೇ ಇದೆ. ಭಯವಿಲ್ಲದೆ ಕಣ್ಣು ಮುಚ್ಚಲು ಮುಂಬಾಗಿಲಿಗೆ ತೆರೆದರೆ ಸದ್ದಾಗುವ ಅಲಾರಂ ಹಾಕಿ, ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಮನೆಯಿಂದ ತಪ್ಪಿಸಿಕೊಂಡು ಹೋಗುವ ಆಟಿಸಂ ಮಕ್ಕಳ ಪ್ರಾಣಕ್ಕೆ ದೊಡ್ಡ ಅಪಾಯ ನೀರು. ಸಂಪು, ಬಾವಿ, ಕೃಷಿ ಹೊಂಡ ಯಾವುದನ್ನೂ ಹಗುರವಾಗಿ ನೋಡಬೇಡಿ.

ಇನ್ನು ನಿಮ್ಮ ಶುಗರ್. ಬೆಳಗ್ಗೆ ಮಾತ್ರೆ ನುಂಗಿದ್ದೀರಿ, ತಿಂಡಿಗೆ ಕೂರುವಷ್ಟರಲ್ಲಿ ಮಗ ರಂಪ ಶುರು ಮಾಡಿದ, ಅರ್ಧ ಗಂಟೆ ಹೋಯಿತು. ಮಾತ್ರೆ ಮೆಟ್‌ಫಾರ್ಮಿನ್ ಒಂದೇ ಆದರೆ ಅಷ್ಟು ಭಯವಿಲ್ಲ. ಗ್ಲಿಮೆಪಿರೈಡ್‌ನಂಥದ್ದು ಅಥವಾ ಇನ್ಸುಲಿನ್ ಆದರೆ ಶುಗರ್ ಇಳಿದು ಕೈ ನಡುಗಿ, ಬೆವರಿ, ತಲೆ ಸುತ್ತುತ್ತದೆ. ಆದ್ದರಿಂದ ತಟ್ಟೆ ಮುಂದೆ ಬಂದ ಮೇಲೇ ಮಾತ್ರೆ. ಶುಗರ್ 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇದಕ್ಕೆ ತದ್ವಿರುದ್ಧವಾದ ತಪ್ಪು ಮಗ ಬಿಟ್ಟ ಅರ್ಧ ದೋಸೆ, ಬಿಸ್ಕತ್ತು, ಚಿಪ್ಸನ್ನು ನೀವು ಮುಗಿಸುವುದು. ಅದು ಲೆಕ್ಕಕ್ಕೆ ಸಿಗದ ಊಟ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಏರುವುದು ಅಲ್ಲಿಂದ. ಆ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ಹತೋಟಿಯಲ್ಲಿದ್ದರೆ ಆರು ತಿಂಗಳಿಗೊಮ್ಮೆ. ಕಣ್ಣು, ಪಾದ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ವರ್ಷಕ್ಕೊಮ್ಮೆ.

ಮೊಣಕಾಲು ನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತಂದು ದಿನವೂ ನುಂಗುವುದು ಬೇಡ. ಶುಗರ್ ಇರುವವರ ಕಿಡ್ನಿಗೆ ಅದು ಕೆಟ್ಟದ್ದು, ಬಿಪಿಯನ್ನೂ ಏರಿಸುತ್ತದೆ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಹೊರೆ ಇಳಿಯುತ್ತದೆ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಸ್ವಲ್ಪ ಬಿಟ್ಟು ಇನ್ನೊಂದು ಹತ್ತು. ನೋವು ಹೆಚ್ಚಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ಒಲೆಯ ಮುಂದೆ ನಿಂತಾಗ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ. ವಾರದಲ್ಲಿ ಮೂರು ದಿನ ಸಾಕು. ನಡಿಗೆಯನ್ನು ಮಗನ ಜೊತೆಗೇ ಮಾಡಿ, ಸಂಜೆ ಅರ್ಧ ಗಂಟೆ. ವೈದ್ಯರು ಹೇಳುವ ವಾರಕ್ಕೆ 150 ನಿಮಿಷದ ಲೆಕ್ಕ ಅಲ್ಲೇ ತುಂಬುತ್ತದೆ, ಅವನ ರಾತ್ರಿಗೂ ಒಳ್ಳೆಯದು.

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲ, ಅಳು ಬರುತ್ತದೆ, ಮಗನನ್ನೂ ಕರೆದುಕೊಂಡು ಸತ್ತುಹೋಗೋಣ ಎನಿಸುತ್ತದೆ ಎಂದಾದರೆ ಅದು ಆಯಾಸವಲ್ಲ, ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ; ಅದೇ ದಿನ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು 46ನೇ ವಯಸ್ಸಿನಲ್ಲಿ ತಂದೆಯಾದೆ. ತಡವಾಗಿ ಮದುವೆಯಾದದ್ದಕ್ಕೇ ಮಗುವಿಗೆ ಹೀಗಾಯಿತೆಂದು ನೆಂಟರು ಹೇಳುತ್ತಾರೆ. ನಿಜವೇ? (ಶಿವಮೊಗ್ಗ)

ತಂದೆ ಅಥವಾ ತಾಯಿಯ ವಯಸ್ಸು ಹೆಚ್ಚಿದ್ದರೆ ಆಟಿಸಂ ಸಾಧ್ಯತೆ ಸ್ವಲ್ಪ ಹೆಚ್ಚುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ತಂದೆಯ ವಯಸ್ಸಿನ ಜೊತೆ ವೀರ್ಯಾಣುವಿನಲ್ಲಿ ಹೊಸ ಜೀನ್ ಬದಲಾವಣೆಗಳು ಹೆಚ್ಚುವುದು ಒಂದು ಕಾರಣ. ಆದರೆ ನಿಮ್ಮ ವಯಸ್ಸಿನಲ್ಲಿ ತಂದೆಯಾದವರ ಮಕ್ಕಳಲ್ಲಿ ಬಹುಪಾಲು ಮಂದಿಗೆ ಆಟಿಸಂ ಇರುವುದಿಲ್ಲ, ಇಪ್ಪತ್ತೈದರಲ್ಲಿ ತಂದೆಯಾದವರ ಮಕ್ಕಳಿಗೂ ಬರುತ್ತದೆ. ಆಟಿಸಂಗೆ ಹಲವು ಜೀನ್‌ಗಳು ಸೇರಿ ಕಾರಣ. ಒಂದೇ ಮಗುವಿನ ವಿಷಯದಲ್ಲಿ ‘ಇದರಿಂದಲೇ’ ಎಂದು ವಯಸ್ಸನ್ನು ಯಾರೂ ತೋರಿಸಲಾರರು. ಅದು ನೀವು ಮಾಡಿದ ತಪ್ಪಲ್ಲ. ಆ ನೆಂಟರಲ್ಲಿ ಯಾರಾದರೂ ಭಾನುವಾರ ಎರಡು ಗಂಟೆ ಮಗುವಿನ ಜೊತೆ ಕೂರುತ್ತಾರೆಯೇ ಕೇಳಿ ನೋಡಿ, ಆ ನೆರವು ನಿಮಗೆ ನಿಜವಾಗಿ ಬೇಕು.

ಪ್ರಶ್ನೆ: 14 ವರ್ಷದ ಮಗಳು ಸಿಟ್ಟು ಬಂದಾಗ ನನ್ನ ಕೂದಲು ಹಿಡಿದು ಎಳೆಯುತ್ತಾಳೆ, ಕೈ ಕಚ್ಚುತ್ತಾಳೆ. ನನಗೆ 60, ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೇನೆ. (ಒಬ್ಬ ತಂದೆ, ಹುಬ್ಬಳ್ಳಿ)

ಕೂದಲು ಹಿಡಿದಾಗ ತಲೆಯನ್ನು ಹಿಂದಕ್ಕೆ ಎಳೆಯಬೇಡಿ. ಅವಳ ಮುಷ್ಟಿಯ ಮೇಲೆ ನಿಮ್ಮ ಎರಡೂ ಅಂಗೈ ಇಟ್ಟು ನಿಮ್ಮದೇ ತಲೆಗೆ ಬಲವಾಗಿ ಒತ್ತಿ ಹಿಡಿಯಿರಿ, ಎಳೆತ ಅಲ್ಲೇ ನಿಲ್ಲುತ್ತದೆ. ಮಾತಾಡದೆ ಕಾಯಿರಿ, ಮುಷ್ಟಿ ಸಡಿಲವಾಗುತ್ತದೆ. ಕಚ್ಚಿದಾಗಲೂ ಕೈ ಕಿತ್ತುಕೊಂಡರೆ ಚರ್ಮ ಹರಿಯುತ್ತದೆ. ಕೈಯನ್ನು ಮೆಲ್ಲಗೆ ಅವಳ ಬಾಯಿಯ ಕಡೆಗೇ ಒತ್ತಿದರೆ ದವಡೆ ಬಿಡುತ್ತದೆ. ಗಾಯವನ್ನು ಸೋಪು, ನೀರಿನಿಂದ ತೊಳೆದು ಹತ್ತು ನಿಮಿಷ ಬಿಡದೆ ಬಟ್ಟೆಯಿಂದ ಅದುಮಿ ಹಿಡಿಯಿರಿ, ಚರ್ಮ ಒಡೆದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ತಲೆಗೆ ಪೆಟ್ಟು ಬಿದ್ದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಈ ಮಾತ್ರೆ ತಿನ್ನುವವರಿಗೆ ಒಳಗೆ ರಕ್ತಸ್ರಾವ ಆಗಬಹುದು. ಪೆಟ್ಟಾಗುತ್ತದೆಂದು ಮಾತ್ರೆಯನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಅವಳನ್ನು ನೆಲಕ್ಕೆ ಬೋರಲು ಕೆಡವಿ ಹಿಡಿಯಲೇಕೂಡದು, ಉಸಿರು ಕಟ್ಟುತ್ತದೆ.

ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಿಟ್ಟಿಗೆ ಮುಂಚೆ ಏನಾಯಿತು, ಆಮೇಲೆ ಅವಳಿಗೆ ಏನು ಸಿಕ್ಕಿತು, ಎರಡೇ ಸಾಲು. ಮುಟ್ಟಿನ ದಿನಗಳನ್ನೂ ಬರೆಯಿರಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೊಟ್ಟೆನೋವೇ ಸಿಟ್ಟಾಗಿ ಬರುವುದುಂಟು, ಹಲ್ಲುನೋವು, ಕಿವಿನೋವು ಕೂಡ. ಮನೋವೈದ್ಯರು ರಿಸ್ಪೆರಿಡೋನ್ ಬರೆದರೆ ಅದು ಸಿಟ್ಟಿಗೆ ಕೆಲಸ ಮಾಡುವ ಔಷಧ, ಆದರೆ ಹಸಿವು ಹೆಚ್ಚಿಸುತ್ತದೆ. ಮೊದಲ ದಿನವೇ ತೂಕ ನೋಡಿಡಿ, ತಿಂಗಳಿಗೊಮ್ಮೆ ತೂಗಿ, ಶುಗರ್ ಮತ್ತು ಕೊಲೆಸ್ಟ್ರಾಲ್ ಯಾವಾಗ ನೋಡಬೇಕೆಂದು ಕೇಳಿ. ಆರು ತಿಂಗಳಲ್ಲಿ ಹತ್ತು ಕೆ.ಜಿ. ಏರಿದ ಮಗಳನ್ನು ಸಂಭಾಳಿಸುವುದು ಅರವತ್ತರ ನಿಮಗೆ ಇನ್ನೂ ಕಷ್ಟ.

ಪ್ರಶ್ನೆ: ಮಗನಿಗೆ 17 ತುಂಬಿದೆ. ನಾವಿಬ್ಬರೂ ಅರವತ್ತು ದಾಟಿದ್ದೇವೆ, ನಾನು ನಿವೃತ್ತ ನೌಕರ. ನಮ್ಮ ನಂತರಕ್ಕೆ ಯಾವ ಕಾಗದಪತ್ರ ಮಾಡಿಡಬೇಕು? (ಮೈಸೂರು)

ಮಗನಿಗೆ 18 ತುಂಬಿದ ದಿನ ನೀವು ಕಾನೂನಿನ ಲೆಕ್ಕದಲ್ಲಿ ಅವನ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕ್ ಖಾತೆ, ಆಸ್ತಿ ವ್ಯವಹಾರ ಅವನು ಮಾಡಲಾರ ಎಂದಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಕಾನೂನುಬದ್ಧ ಪೋಷಕತ್ವ ಪಡೆಯಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಇದನ್ನು ಕೊಡುತ್ತದೆ, ಕೋರ್ಟಿಗೆ ಹೋಗಬೇಕಿಲ್ಲ. ನೇಮಕವಾದ ಆರು ತಿಂಗಳೊಳಗೆ ಮಗನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷ ಲೆಕ್ಕ ಕೊಡಬೇಕು. ಹಲವರು ಪಟ್ಟಿಯನ್ನೇ ಮರೆಯುತ್ತಾರೆ.

ಇದಕ್ಕೆಲ್ಲ ಮೂಲ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಸೌಲಭ್ಯಗಳಿಗೆ ಸಾಮಾನ್ಯವಾಗಿ ಅಂಗವೈಕಲ್ಯದ ಪ್ರಮಾಣ 40% ಇರಬೇಕು. ಐಎಸ್‌ಎಎ ಎಂಬ 40 ಅಂಶಗಳ ಅಳತೆಯಲ್ಲಿ ತಜ್ಞರು ಇದನ್ನು ತೀರ್ಮಾನಿಸುತ್ತಾರೆ. ಪರೀಕ್ಷೆಗೆ ಹೋದಾಗ ಮಗನ ಒಳ್ಳೆಯ ದಿನವನ್ನಷ್ಟೇ ಹೇಳಿ ಬರಬೇಡಿ, ಯಾವುದಕ್ಕೆಲ್ಲ ಪಕ್ಕದಲ್ಲಿ ಆಳು ಬೇಕೆಂದು ಬರೆದುಕೊಂಡು ಹೋಗಿ. ಕಾರ್ಡಿಗೆ ಮುಕ್ತಾಯ ದಿನಾಂಕ ಇದ್ದರೆ ಅದಕ್ಕೆ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ, ಥೆರಪಿ ಖರ್ಚೂ ಸೇರುತ್ತದೆ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ವರ್ಷವರ್ಷ ನವೀಕರಿಸಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅವಲಂಬಿತ ಅಂಗವಿಕಲರಿಗಾಗಿ 75,000 ರೂಪಾಯಿ, ಪ್ರಮಾಣ 80% ಅಥವಾ ಹೆಚ್ಚಿದ್ದರೆ 1.25 ಲಕ್ಷ ಕಡಿತ ಸಿಗುತ್ತದೆ.

ಮನೆಯನ್ನು ನೇರವಾಗಿ ಅವನ ಹೆಸರಿಗೆ ಬರೆಯುವ ಆತುರ ಬೇಡ. ಮಾರಲು, ಬಾಡಿಗೆಗೆ ಕೊಡಲು, ದುರಸ್ತಿಗೆ ಸಾಲ ತೆಗೆಯಲು ಅವನಿಂದಾಗದೆ ಆಸ್ತಿ ಇದ್ದೂ ಇಲ್ಲದಂತಾಗುತ್ತದೆ. ಖಾಸಗಿ ಟ್ರಸ್ಟ್ ಮಾಡಿ, ಇಬ್ಬರು ಟ್ರಸ್ಟಿಗಳನ್ನಿಟ್ಟು, ಅವನ ಜೀವನಪೂರ್ತಿ ಖರ್ಚಿಗೆಂದು ಬರೆದು, ಉಯಿಲಿನಲ್ಲಿ ಮನೆಯನ್ನು ಆ ಟ್ರಸ್ಟ್ ಹೆಸರಿಗೆ ಬಿಡುವುದು ವಾಸಿ. ಇದನ್ನು ಬಲ್ಲ ವಕೀಲರಿಂದಲೇ ಮಾಡಿಸಿ. ಟ್ರಸ್ಟಿಗಳಲ್ಲಿ ಒಬ್ಬರಾದರೂ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರಿರಲಿ.

ಪಿಂಚಣಿಯ ವಿಷಯದಲ್ಲಿ ತಡ ಮಾಡಬೇಡಿ. ಕೇಂದ್ರ ಸರ್ಕಾರಿ ನೌಕರರ ಅಂಗವಿಕಲ ಮಕ್ಕಳಿಗೆ ನಿಯಮಗಳಿಗೊಳಪಟ್ಟು ಜೀವಮಾನದ ಕುಟುಂಬ ಪಿಂಚಣಿ ಇದೆ. ಭವಿಷ್ಯ ನಿಧಿಯ 1995ರ ಪಿಂಚಣಿ ಯೋಜನೆಯಲ್ಲೂ ಪೂರ್ಣ ಅಂಗವೈಕಲ್ಯವಿರುವ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ. ನೀವು ಯಾವ ಇಲಾಖೆಯವರೋ ಅಲ್ಲಿನ ನಿಯಮ ಕೇಳಿ, ನೀವು ಬದುಕಿರುವಾಗಲೇ ಪ್ರಮಾಣಪತ್ರ ಕೊಟ್ಟು ಪಿಂಚಣಿ ದಾಖಲೆಯಲ್ಲಿ ಮಗನ ಹೆಸರು ಸೇರಿಸಿ. ನೀವಿಲ್ಲದಾಗ ಇದನ್ನು ಸಾಬೀತು ಮಾಡಲು ಓಡಾಡುವುದು ಮುಂದಿನ ಪೋಷಕರಿಗೆ ಬಹಳ ಕಷ್ಟ.

ಕಾಗದಪತ್ರದ ಜೊತೆ ಒಂದು ಹಾಳೆಯೂ ಇರಲಿ. ಅವನು ತಿನ್ನುವುದು, ತಿನ್ನದ್ದು, ಮಾತ್ರೆಯ ಹೆಸರು ಮತ್ತು ಹೊತ್ತು, ಯಾವ ಸದ್ದಿಗೆ ಹೆದರುತ್ತಾನೆ, ನೋವಾದರೆ ಏನು ಮಾಡುತ್ತಾನೆ, ಹೇಗೆ ಸಮಾಧಾನವಾಗುತ್ತಾನೆ. ಮುಂದಿನ ಪೋಷಕರಾಗಲು ಒಪ್ಪಿದವರ ಮನೆಯಲ್ಲಿ ಈ ತಿಂಗಳು ಎರಡು ಗಂಟೆ, ಮುಂದಿನ ತಿಂಗಳು ಅರ್ಧ ದಿನ, ಆಮೇಲೆ ಒಂದು ರಾತ್ರಿ ಅವನು ನಿಮ್ಮಿಬ್ಬರನ್ನೂ ಬಿಟ್ಟು ಇರಲಿ. ಪ್ರತಿ ಸಲ ಅವರು ಹೇಳಿದ್ದನ್ನು ಕೇಳಿ ಹಾಳೆಯನ್ನು ತಿದ್ದಿ, ಒಂದು ಪ್ರತಿ ಅವರ ಬಳಿಯೇ ಬಿಟ್ಟು ಬನ್ನಿ.