ಶಾಂತಿ ಒಪ್ಪಂದ ಆದ ಮೇಲೂ ಬಂದೂಕು ಮತ್ತೆ ಯಾಕೆ ಹೊರಗೆ ಬರುತ್ತದೆ?

ಸಹಿ ಬಿದ್ದಿದೆ, ವಿಶ್ವಸಂಸ್ಥೆಯ ಸೈನ್ಯವೂ ಇದೆ, ಆದರೂ ಕೆಲವು ದೇಶಗಳಲ್ಲಿ ಮತ್ತೆ ಗುಂಡಿನ ಸದ್ದು ಯಾಕೆ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಗೇರುಬೀಜದ ವ್ಯಾಪಾರದಲ್ಲಿರುವವನು. ಇಲ್ಲಿನ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ, ಆಫ್ರಿಕಾದಿಂದ ತರಿಸಬೇಕು. ನಮಗೆ ಜಾಸ್ತಿ ಬರುವುದು ಐವರಿ ಕೋಸ್ಟ್‌ನಿಂದ. ಹಾಗಾಗಿ ಆ ದೇಶದ ಕಥೆಯನ್ನೇ ಹೇಳುತ್ತೇನೆ.

2002ರಲ್ಲಿ ಅಲ್ಲಿ ದಂಗೆ ಎದ್ದು ಉತ್ತರ ಭಾಗ ಬಂಡುಕೋರರ ಕೈಗೆ ಹೋಯಿತು. ಗೇರು ಬೆಳೆಯುವುದೂ ಹೆಚ್ಚಾಗಿ ಆ ಕಡೆಯೇ. ದಾರಿಯುದ್ದಕ್ಕೂ ಚೆಕ್‌ಪೋಸ್ಟ್ ಹಾಕಿ, ಲಾರಿಗೆ ಇಷ್ಟು ಅಂತ ವಸೂಲಿ. ಅವರ ಹೊಟ್ಟೆಪಾಡು ಅದರಲ್ಲೇ. 2007ರಲ್ಲಿ ರಾಜಿಯಾಯಿತು. ಬಂಡುಕೋರರ ನಾಯಕ ಗಿಯೋಮ್ ಸೊರೊ ದೇಶದ ಪ್ರಧಾನಿಯೇ ಆದರು. ಸರಿ, ಚೆಕ್‌ಪೋಸ್ಟ್‌ನಲ್ಲಿ ಬಂದೂಕು ಹಿಡಿದು ನಿಂತಿದ್ದ ಹುಡುಗನಿಗೆ ಏನು ಸಿಕ್ಕಿತು? ಎಲ್ಲ ಅಲ್ಲೇ ಇರುವುದು.

2010ರ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಗ್ಬಾಗ್ಬೊ ಕುರ್ಚಿ ಬಿಡಲಿಲ್ಲ. ಮತ್ತೆ ಯುದ್ಧ, ಸುಮಾರು 3,000 ಸಾವು. ಚುನಾವಣೆ ಗೆದ್ದ ಔಟಾರಾ ಪರವಾಗಿ ಹೋರಾಡಿದ ಹಳೆ ಬಂಡುಕೋರರನ್ನು ಆಮೇಲೆ ಸೇನೆಗೇ ಸೇರಿಸಿಕೊಂಡರು. ಸಮವಸ್ತ್ರ ಬಂತು. ಕೊಡ್ತೇವೆ ಅಂದಿದ್ದ ಬೋನಸ್ ಬರಲಿಲ್ಲ ಅನ್ನುವುದು ಅವರ ತಕರಾರು.

2017ರ ಜನವರಿಯಲ್ಲಿ ಬೂವಾಕೆ ಊರಿನಿಂದ ದಂಗೆ ಶುರುವಾಯಿತು. ಬೇಡಿಕೆ 8,400 ಸೈನಿಕರಿಗೆ ತಲಾ 1.2 ಕೋಟಿ ಸಿಎಫ್‌ಎ ಫ್ರಾಂಕ್, ಅಂದರೆ ಅಲ್ಲಿನ ದುಡ್ಡು. ನಮ್ಮ ಲೆಕ್ಕದಲ್ಲಿ ಆಗ ಹದಿಮೂರು ಲಕ್ಷ ರೂಪಾಯಿ ಹತ್ತಿರ. ಸರ್ಕಾರ ಮೊದಲು ತಲಾ 50 ಲಕ್ಷ ಫ್ರಾಂಕ್ ಕೊಟ್ಟಿತು. ಅಷ್ಟರಲ್ಲಿ ಕೋಕೋ ದರ ಬಿದ್ದು ಖಜಾನೆಗೂ ಏಟು. ಬಾಕಿ ಬರಲ್ಲ ಅಂತ ಗೊತ್ತಾದಾಗ ಮೇ ತಿಂಗಳಲ್ಲಿ ಮತ್ತೆ ಬೀದಿಗಿಳಿದರು. ಬೂವಾಕೆಯ ರಸ್ತೆ ಬಂದ್.

ಶಿರಾಡಿ ಘಾಟಿ ಬಂದ್ ಆದರೆ ನಮ್ಮ ಪಾಡು ಏನು, ಹಾಗೇ ಆಯಿತು. ಉತ್ತರದ ಸರಕು ಅಬಿಜಾನ್ ಬಂದರಿಗೆ ಇಳಿಯುವ ದಾರಿ ಅದು, ಅದೂ ಗೇರಿನ ಸೀಸನ್. ಏಜೆಂಟ್ ಲಾರಿ ಸಾಲಿನ ಫೋಟೋ ಕಳಿಸುತ್ತಿದ್ದ. ಗಲಾಟೆ ನಾಲ್ಕು ದಿನದ್ದು, ಸಾಲು ಕರಗಲು ಮತ್ತಷ್ಟು ದಿನ, ನಡುವೆ ಮಳೆ ಬೇರೆ. ಆ ಮಾಲು ನಮ್ಮ ಪಣಂಬೂರು ಬಂದರಿಗೆ ಬಂದಾಗ ಸ್ಯಾಂಪಲ್ ಕತ್ತರಿಸಿ ನೋಡಿದೆವು. ಹೊರಗೆ ಚಂದ, ಸೀಳಿದರೆ ತಿರುಳು ಹಳದಿ, ಕೆಲವು ಪೂರ್ತಿ ಕಪ್ಪು.

ಕೊನೆಗೆ ಸರ್ಕಾರ ಬಾಕಿ ಕೊಡಲು ಒಪ್ಪಿತು. ಅದನ್ನು ನೋಡಿ, ಸೇನೆಗೆ ಸೇರದ ಹಳೆ ಹೋರಾಟಗಾರರು ನಮಗೂ ಕೊಡಿ ಅಂತ ರಸ್ತೆಗೆ ಬಂದರು. ಪೊಲೀಸರ ಜತೆಗಿನ ಘರ್ಷಣೆಯಲ್ಲಿ ಕೆಲವರು ಸತ್ತರು. 2004ರಿಂದ ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಮರುತಿಂಗಳೇ ಗಂಟುಮೂಟೆ ಕಟ್ಟಿತು! ಅವಧಿ ಮುಗಿದಿತ್ತು, ಅಷ್ಟೇ.

ಸುಮ್ನೆ ಬಂದೂಕು ವಾಪಸ್ ತಗೊಂಡು ದುಡ್ಡು ಕೊಟ್ಟರೆ ಸಾಲದಾ ಅಂತ ನೀವು ಕೇಳಬಹುದು. ಪಕ್ಕದ ಲೈಬೀರಿಯಾದಲ್ಲಿ 2003ರಿಂದ ಅದನ್ನೇ ಮಾಡಿದರು. ತಲಾ 300 ಡಾಲರ್. ಹೆಸರು ಬರೆಸಿದವರು ಒಂದು ಲಕ್ಷಕ್ಕೂ ಜಾಸ್ತಿ, ಬಂದ ಬಂದೂಕು ಸುಮಾರು 28,000. 150 ಗುಂಡು ತಂದುಕೊಟ್ಟವರನ್ನೂ ಹೋರಾಟಗಾರರು ಅಂತ ಬರೆದುಕೊಂಡರು. ಆದರೂ ಅಲ್ಲಿ ಶಾಂತಿ ಉಳಿಯಿತು. ವಿಶ್ವಸಂಸ್ಥೆಯ ಪಡೆ 2018ರವರೆಗೆ ಇತ್ತು. ನಮ್ಮ ಸಿಆರ್‌ಪಿಎಫ್‌ನ ಮಹಿಳಾ ತುಕಡಿಯೂ 2007ರಿಂದ 2016ರವರೆಗೆ ಅಲ್ಲಿ ಕಾವಲಿಗಿತ್ತು.

ನನ್ನ ಪ್ರಕಾರ ಬಂದೂಕು ಕೆಳಗಿಟ್ಟ ಹುಡುಗನಿಗೆ ದುಡ್ಡಿಗಿಂತ ದೊಡ್ಡದು ಕೆಲಸ. ಐವರಿ ಕೋಸ್ಟ್‌ನವರು ಈಗ ಬೀಜವನ್ನು ಹಾಗೇ ಕಳಿಸುವ ಬದಲು ಅಲ್ಲೇ ಒಡೆಯುವ ಕಾರ್ಖಾನೆಗಳನ್ನು ಹಾಕುತ್ತಿದ್ದಾರೆ, ಬೂವಾಕೆ ಕಡೆಯೂ ಇವೆ. ಇದರಿಂದ ನಮ್ಮ ಮಂಗಳೂರಿನವರಿಗೆ ಕಚ್ಚಾ ಮಾಲು ತುಟ್ಟಿಯಾಗುತ್ತದೆ, ನಮ್ಮ ಲೈನಿನಲ್ಲಿ ಇದಕ್ಕೆ ಬಯ್ಯದವರಿಲ್ಲ. ಆದರೆ ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.