ಮೋಟಾರ್ ಚಾಲೂ ಆದೊಡನೆ ಕಾಮ್ ಪೋರ್ಟ್ ಕಾಣೆ: ಡಯೋಡ್ ಒಂದೇ ಸಾಲದು

ಪ್ರಶ್ನೆ: ವಿರಾಜಪೇಟೆ ಸಮೀಪದ ನಮ್ಮ ತೋಟದ ಗೋದಾಮಿನಲ್ಲಿ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿದ್ದೇವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮೋಟಾರ್ ಚಾಲೂ ಮಾಡಿದೊಡನೆ, ಲ್ಯಾಪ್‌ಟಾಪ್ ಕನ್ವರ್ಟರನ್ನು ಗುರುತಿಸುವ ಕಾಮ್ ಪೋರ್ಟ್ ಕಾಣೆಯಾಗುತ್ತದೆ. ಕಿತ್ತು ಮತ್ತೆ ಸಿಕ್ಕಿಸಿದರೆ ಬರುತ್ತದೆ. ಮಿತಿಮೀರಿದ ವೋಲ್ಟೇಜನ್ನು ತಡೆಯುವ ಟಿವಿಎಸ್ ಡಯೋಡ್ ಹಾಕಿಸಿದರೂ ಪ್ರಯೋಜನವಾಗಿಲ್ಲ. ಚಾರ್ಜರಿನ ಅರ್ಥ್ ಪಿನ್ ತೆಗೆದುಬಿಡಿ ಎಂದು ರಿಪೇರಿಯವರು ಹೇಳುತ್ತಿದ್ದಾರೆ. ತೆಗೆಯಬಹುದೇ?

ಉತ್ತರ: ಖಂಡಿತ ತೆಗೆಯಬಾರದು. ಇನ್ಸುಲೇಷನ್ ಕೆಟ್ಟ ದಿನ ವಿದ್ಯುತ್ ಭೂಮಿಗೆ ಹರಿದುಹೋಗಲು ಇರುವ ದಾರಿ ಆ ಪಿನ್. ಅದನ್ನು ತೆಗೆದರೆ ಒದ್ದೆ ನೆಲದ ಮೇಲೆ ನಿಂತು ಲ್ಯಾಪ್‌ಟಾಪ್ ಮುಟ್ಟಿದವರ ದೇಹವೇ ಆ ದಾರಿಯಾಗುತ್ತದೆ. ಇಂಥ ಸಲಹೆ ಕೊಡುವವರಿಂದ ವಿದ್ಯುತ್ ಕೆಲಸವನ್ನೇ ಮಾಡಿಸಬೇಡಿ.

ಡಯೋಡಿನ ಮೇಲೆ ಎಲ್ಲರೂ ಇಟ್ಟಿರುವ ಅತಿಯಾದ ನಂಬಿಕೆಯ ಬಗ್ಗೆ ನಾನು ಪದೇ ಪದೇ ಬರೆಯಬೇಕಾಗಿದೆ. ಬೆರಳಿನಿಂದ ಹಾರುವ ಸ್ಥಿರವಿದ್ಯುತ್ತಿನ ಕಿಡಿ, ಮೋಟಾರಿನ ಸ್ಟಾರ್ಟರ್ ತಂತಿಗಳಲ್ಲಿ ಎಬ್ಬಿಸುವ ವಿದ್ಯುತ್ ಗದ್ದಲ ಮತ್ತು ಸಿಡಿಲಿನ ಹೊಡೆತ ಮೂರು ಬೇರೆ ಬೇರೆ ತೊಂದರೆಗಳು. ಯುಎಸ್‌ಬಿ ದತ್ತಾಂಶ ತಂತಿಗಳಿಗೆ ಹಾಕುವ ಟಿವಿಎಸ್ ಡಯೋಡ್ ಸುಮಾರು 6 ವೋಲ್ಟ್ ದಾಟಿದ ಮೇಲಷ್ಟೇ ಕೆಲಸ ಆರಂಭಿಸುತ್ತದೆ. ಅದಕ್ಕಿಂತ ಕಡಿಮೆ ಇರುವ ಗದ್ದಲವೂ 3.3 ವೋಲ್ಟಿನ ಸಂಕೇತವನ್ನು ಕೆಡಿಸಲು ಧಾರಾಳ ಸಾಕು. ಹಾಗೆ ಕೆಟ್ಟಾಗ ಯುಎಸ್‌ಬಿ ಪೋರ್ಟ್‌ಗಳನ್ನು ನಿಯಂತ್ರಿಸುವ ಹಬ್ ಆ ಪೋರ್ಟನ್ನು ಮುಚ್ಚಿಬಿಡುತ್ತದೆ. ಲಿನಕ್ಸ್ ಬಳಸುವವರು ಕರ್ನಲ್ ದಾಖಲೆಯನ್ನು ನೋಡಿದರೆ, ಹಬ್ ಪೋರ್ಟನ್ನು ನಿಷ್ಕ್ರಿಯಗೊಳಿಸಿದೆ ಎಂಬ ಸಾಲಿನಲ್ಲಿ ‘ಇಎಂಐ?’ (ವಿದ್ಯುತ್ಕಾಂತೀಯ ಅಡಚಣೆಯೇ?) ಎಂಬ ಸಂಶಯವೂ ದಾಖಲಾಗಿರುವುದು ಕಾಣಸಿಗುತ್ತದೆ.

ನಿಮ್ಮಲ್ಲಿ ಗದ್ದಲ ಬರುತ್ತಿರುವ ದಾರಿ ಬಹುಮಟ್ಟಿಗೆ ಗ್ರೌಂಡ್ ತಂತಿ. ತೂಕದ ಯಂತ್ರ ಒಂದು ಬೋರ್ಡಿನಿಂದಲೂ ಲ್ಯಾಪ್‌ಟಾಪ್ ಇನ್ನೊಂದರಿಂದಲೂ ಅರ್ಥ್ ಪಡೆಯುತ್ತಿದ್ದು, ಒಂಬತ್ತು ಪಿನ್ನಿನ ಸೀರಿಯಲ್ ಕನೆಕ್ಟರಿನ 5ನೇ ಪಿನ್ ಅವೆರಡನ್ನೂ ಬೆಸೆದಿರುವುದರಿಂದ, ಮೋಟಾರ್ ಚಾಲೂ ಆದ ಕ್ಷಣ ಎರಡು ಅರ್ಥ್‌ಗಳ ನಡುವೆ ಉಂಟಾಗುವ ವೋಲ್ಟೇಜ್ ವ್ಯತ್ಯಾಸವು ಆ ತೆಳು ತಂತಿಯ ಮೂಲಕವೇ ಕರೆಂಟ್ ಹರಿಸುತ್ತದೆ. ಪರೀಕ್ಷೆ ಸುಲಭ: ಚಾರ್ಜರ್, ಪ್ರಿಂಟರ್, ನೆಟ್‌ವರ್ಕ್ ಕೇಬಲ್ ಎಲ್ಲವನ್ನೂ ಬಿಡಿಸಿ, ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ಓಡಿಸಿ, ಪಲ್ಪರ್ ಚಾಲೂ ಮಾಡಿ. ಪೋರ್ಟ್ ಉಳಿದುಕೊಂಡರೆ ಕಾರಣ ಅದೇ.

ಆಗ ಬೇಕಾದದ್ದು ಐಸೊಲೇಷನ್ ಇರುವ ಕನ್ವರ್ಟರ್. ದತ್ತಾಂಶ ಮಾತ್ರ ದಾಟಬೇಕು, ತಾಮ್ರದ ಸಂಪರ್ಕ ದಾಟಬಾರದು. ಎಡಿಯುಎಂ3160 ಎಂಬ ಚಿಪ್ಪು 12 ಮೆಗಾಬಿಟ್ ವೇಗದ ಯುಎಸ್‌ಬಿಯನ್ನು ಹೀಗೆ ಬೇರ್ಪಡಿಸುತ್ತದೆ. ಆದರೆ 5 ವೋಲ್ಟ್ ಪೂರೈಕೆಯನ್ನೂ ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರಿನಿಂದಲೇ ಕೊಡಬೇಕು. ಎರಡೂ ಬದಿಯ ಗ್ರೌಂಡನ್ನು ಒಂದು ತಂತಿಯಿಂದ ಜೋಡಿಸಿಬಿಟ್ಟರೆ ಕೊಟ್ಟ ಹಣ ವ್ಯರ್ಥ. ಜೊತೆಗೆ ಸ್ಟಾರ್ಟರಿನಲ್ಲಿ ಮೋಟಾರಿಗೆ ವಿದ್ಯುತ್ ಜೋಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಅದರ ವೋಲ್ಟೇಜಿಗೆ ಹೊಂದುವ ಆರ್‌ಸಿ ಸ್ನಬ್ಬರ್ (ಗದ್ದಲ ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಹಾಕಿಸಿ. ಕಾಯಿಲ್ 415 ವೋಲ್ಟಿನದೂ ಇರಬಹುದಾದ್ದರಿಂದ ಈ ಕೆಲಸ ನುರಿತ ಎಲೆಕ್ಟ್ರಿಷಿಯನ್‌ರದು. ಸೀರಿಯಲ್ ಕೇಬಲನ್ನು ಮೋಟಾರ್ ಕೇಬಲಿನ ಜೊತೆ ಕಟ್ಟಬೇಡಿ. ದಾಟಿಸಲೇಬೇಕಾದರೆ ಲಂಬವಾಗಿ ದಾಟಿಸಿ. ಪಂಪ್‌ಹೌಸಿನವರೆಗೆ ಎಳೆಯುವುದಿದ್ದರೆ ಯುಎಸ್‌ಬಿಯನ್ನು ಚಿಕ್ಕದಾಗಿಯೇ ಇಟ್ಟು, ಉಳಿದ ದೂರವನ್ನು ಹೆಣೆದ ಜೋಡಿ ತಂತಿಯ, ದೂರಕ್ಕೆ ಹೊಂದುವ ಸೀರಿಯಲ್ ಸಂಪರ್ಕವಾದ ಆರ್‌ಎಸ್-485ರಲ್ಲಿ ಕ್ರಮಿಸಿ.

ಡಯೋಡ್ ಬೇಡವೆಂದಲ್ಲ. ಆದರೆ ಅದನ್ನು ಕನೆಕ್ಟರಿನ ಬೆನ್ನಿಗೇ, ಚಿಪ್ಪಿಗಿಂತ ಮೊದಲು ಕೂರಿಸಬೇಕು. ಸ್ಥಿರವಿದ್ಯುತ್ತಿನ ಕಿಡಿಗೆ ಉಪಕರಣ ತಡೆಯುತ್ತದೆಯೇ ಎಂದು ನೋಡುವ ಐಇಸಿ 61000-4-2 ಪರೀಕ್ಷೆಯಲ್ಲಿ 8 ಕಿಲೋವೋಲ್ಟಿನ ನೇರ ಸ್ಪರ್ಶದ ಕಿಡಿ ಒಂದು ನ್ಯಾನೊಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ 30 ಆಂಪಿಯರಿಗೆ ಏರುತ್ತದೆ. ಡಯೋಡಿನಿಂದ ಗ್ರೌಂಡಿಗೆ ಹೋಗುವ ದಾರಿ ಒಂದು ಸೆಂಟಿಮೀಟರ್ ಉದ್ದವಿದ್ದರೆ, ಅದರ ಸುಮಾರು 10 ನ್ಯಾನೊಹೆನ್ರಿ ಇಂಡಕ್ಟೆನ್ಸಿನಲ್ಲೇ (ಕರೆಂಟಿನ ದಿಢೀರ್ ಬದಲಾವಣೆಗೆ ತಂತಿ ಒಡ್ಡುವ ವಿರೋಧ) 300 ವೋಲ್ಟಿಗೂ ಹೆಚ್ಚು ಎದ್ದು ನಿಲ್ಲುತ್ತದೆ. ಉದ್ದ ಕಾಲಿನ ಡಯೋಡನ್ನು ಕೇಬಲಿನ ನಡುವೆ ಬೆಸುಗೆ ಹಾಕಿ ‘ರಕ್ಷಣೆ ಕೊಟ್ಟಿದ್ದೇವೆ’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಯುಎಸ್‌ಬಿಗೆ ಹಾಕುವ ಅದೇ ಡಯೋಡನ್ನು ಆರ್‌ಎಸ್-232 ಬದಿಗೂ, ಅಂದರೆ ತೂಕದ ಯಂತ್ರದ ಸೀರಿಯಲ್ ತಂತಿಗಳಿಗೂ ಹಾಕುವುದು ಇನ್ನೊಂದು ತಪ್ಪು. ಅಲ್ಲಿ ಸಂಕೇತವೇ ಧನ, ಋಣ ಎರಡೂ ಕಡೆಗೆ 15 ವೋಲ್ಟಿನವರೆಗೆ ಹೋಗಬಹುದಾದ್ದರಿಂದ, ಅದಕ್ಕಿಂತ ಮೇಲಿನ ಮಟ್ಟದ ದ್ವಿಮುಖ ಡಯೋಡೇ ಬೇಕು.

ಪ್ರಶ್ನೆ: ಕನ್ವರ್ಟರಿನ ಡ್ರೈವರ್ ತಂತ್ರಾಂಶ ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಮೋಟಾರ್ ಚಾಲೂ ಆದಾಗ ಮಾತ್ರ ಬರುವ ದೋಷ ಡ್ರೈವರಿನದಲ್ಲ.

ಪ್ರಶ್ನೆ: ಕೊಡಗಿನಂಥ ಮಳೆನಾಡಿನಲ್ಲಿ ಸ್ಥಿರವಿದ್ಯುತ್ತಿನ ಭಯವೇಕೆ?

ಉತ್ತರ: ಮಳೆಗಾಲ ವರ್ಷವಿಡೀ ಇರುವುದಿಲ್ಲ. ಕಣದಲ್ಲಿ ಕಾಫಿ ಒಣಗುವ ಬಿಸಿಲಿನಲ್ಲಿ ಗಾಳಿಯೂ ಒಣಗಿರುತ್ತದೆ. ಮೈಗೆ ತಿಳಿಯಲು ಕಿಡಿ ಸುಮಾರು 3 ಕಿಲೋವೋಲ್ಟ್ ಇರಬೇಕು. ಚಿಪ್ಪು ಅದಕ್ಕಿಂತ ಕಡಿಮೆಯಲ್ಲೂ ಹಾಳಾಗಬಹುದು.

ಪ್ರಶ್ನೆ: ಗುಡುಗು ಬಂದಾಗ ಪ್ಲಗ್ ತೆಗೆಯುತ್ತೇವೆ. ಆದರೂ ಕನ್ವರ್ಟರ್ ಸುಟ್ಟುಹೋಯಿತು. ಏಕೆ?

ಉತ್ತರ: ಹೊರಗಿನಿಂದ ಬರುವ ಸೀರಿಯಲ್ ಕೇಬಲನ್ನು ಹಾಗೇ ಬಿಟ್ಟಿದ್ದೀರಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸಣ್ಣ ಟಿವಿಎಸ್ ಡಯೋಡ್ ತಡೆಯಲ್ಲ. ಮೋಡ ಕಟ್ಟುವಾಗಲೇ ಎರಡನ್ನೂ ಬಿಡಿಸಿ. ಗುಡುಗು ಕೇಳಿದ ಮೇಲೆ ಕೇಬಲ್ ಮುಟ್ಟಲು ಹೋಗಬೇಡಿ.