ಪ್ರ: ಜರ್ಮನಿಯ ರೋಟೆನ್‌ಬುರ್ಗ್‌ಗೆ ಫ್ರಾಂಕ್‌ಫರ್ಟ್‌ನಿಂದ ಟ್ರೈನ್‌ನಲ್ಲಿ ಹೋಗ್ಬೇಕು, ಎರಡು ದಿನ ಇದೆ. ಆದ್ರೆ ಟಿಕೆಟ್ ಆಪ್‌ನಲ್ಲಿ ಆ ಹೆಸರಿನ ಊರು ಬೇಕಾದಷ್ಟಿವೆ. ಹಳದಿ ಮನೆ ಫೋಟೋದಲ್ಲಿರೋ ಊರು ಯಾವುದು, ಯಾವುದಕ್ಕೆ ಬುಕ್ ಮಾಡೋದು?

ನೀವು ಕೇಳಿರೋ ಆ ಹಳದಿ ಮರದ ಚೌಕಟ್ಟಿನ ಮನೆ, ಎರಡು ಗೋಪುರ ಇರೋ ಫೋಟೋ ರೋಟೆನ್‌ಬುರ್ಗ್ ಓಬ್ ಡೆರ್ ಟೌಬರ್‌ದು (ಟೌಬರ್ ಅನ್ನೋದು ನದಿ ಹೆಸರು), ಆ ಊರು ಬವೇರಿಯಾ ರಾಜ್ಯದಲ್ಲಿದೆ. ಆಪ್‌ನಲ್ಲಿ ಬರೀ ಹೆಸರು ಹೊಡೆದ್ರೆ ನಾಲ್ಕೈದು ಊರು ಬರೋದು ಮಾಮೂಲಿ, ಗಾಬರಿ ಆಗ್ಬೇಡಿ.

ವ್ಯುಮ್ಮೆ ಅಂತ ಬ್ರ್ಯಾಕೆಟ್‌ನಲ್ಲಿ ಇರೋದನ್ನ ಮಾತ್ರ ಒತ್ತಬೇಡಿ, ಅದು ಹ್ಯಾಂಬರ್ಗ್-ಬ್ರೆಮೆನ್ ಮಧ್ಯೆ ಇರೋ ಊರು, ಮೇನ್ ಲೈನ್ ಮೇಲೇ ಇರೋದ್ರಿಂದ ಟ್ರೈನ್ ಸಲೀಸಾಗಿ ಸಿಗತ್ತೆ ಅಂತ ಖುಷಿಪಟ್ಟು ಬುಕ್ ಮಾಡಿದ್ರೆ ಇಡೀ ದೇಶದ ಇನ್ನೊಂದು ತುದಿಗೆ ಹೋಗಿ ಇಳೀತೀರಾ. ಫುಲ್ಡಾ ನದಿ ಹತ್ರದ್ದು ಹೆಸ್ಸೆನ್ ರಾಜ್ಯದಲ್ಲಿ, ನೆಕ್ಕಾರ್ ನದಿ ಹತ್ರದ್ದು ಟ್ಯೂಬಿಂಗನ್ ಪಕ್ಕ (ಅದರ ಸ್ಪೆಲಿಂಗ್‌ನಲ್ಲಿ ಎರಡು ಟಿ, ಕ್ಯಾಥೊಲಿಕ್ ಬಿಷಪ್ ಇರೋ ಊರು). ಪೋಲೆಂಡ್ ಗಡಿಯಲ್ಲಿ ನೈಸೆ ದಡದಲ್ಲಿ ಇನ್ನೊಂದಿದೆ, ಅದರ ಸ್ಪೆಲಿಂಗ್ ಕೂಡ ನೀವು ಹೋಗೋ ಊರಿನ ಥರಾನೇ! ಹಾಗಾಗಿ ಸ್ಪೆಲಿಂಗ್ ನಂಬಬೇಡಿ, ನದಿ ಹೆಸರು ನೋಡಿ.

ಫ್ರಾಂಕ್‌ಫರ್ಟ್‌ನಿಂದ ಡೈರೆಕ್ಟ್ ಟ್ರೈನ್ ಇಲ್ಲ. ವ್ಯುರ್ಟ್ಸ್‌ಬುರ್ಗ್‌ನಲ್ಲಿ ಒಂದ್ಸಲ, ಆಮೇಲೆ ಸ್ಟೈನಾಖ್ ಅನ್ನೋ ಪುಟ್ಟ ಸ್ಟೇಷನ್‌ನಲ್ಲಿ ಇನ್ನೊಂದ್ಸಲ ಬದಲಾಯಿಸ್ಬೇಕು, ಅಲ್ಲಿಂದ ಲೋಕಲ್ ಗಾಡಿ ಹತ್ತಿದ್ರೆ ಸುಮಾರು 15 ನಿಮಿಷ ಅಷ್ಟೇ. ರೂಟ್‌ನಲ್ಲಿ ಸ್ಟೈನಾಖ್ ಬಂದ್ರೆ ಸರಿಯಾದ ಊರೇ ಅಂದ್ಕೊಳಿ.

ಎರಡು ದಿನ ಇದೆ ಅಂದ್ರಲ್ಲ, ಒಂದು ರಾತ್ರಿ ಅಲ್ಲೇ ಉಳ್ಕೊಳಿ. ಮಧ್ಯಾಹ್ನ ಟೂರ್ ಬಸ್ ಜನ ತುಂಬಿರ್ತಾರೆ, ಆ ಮನೆ ಮುಂದೆ ಫೋಟೋ ಕ್ಯೂ ನೋಡಿದ್ರೆ ಸಾಕಾಗತ್ತೆ. ಬೆಳಿಗ್ಗೆ ಬೇಗ ಎದ್ದು ಕೋಟೆ ಗೋಡೆ ಮೇಲೆ ನಡೀರಿ, ದುಡ್ಡೇನೂ ಕೊಡ್ಬೇಕಾಗಿಲ್ಲ.